ಆಸ್ಪತ್ರೆ ಹೆಚ್ಚು ವಸೂಲಿ ಮಾಡಿದ್ದರೆ ಹಣ ವಾಪಸ್ ಕೊಡಿಸುವವರು ಯಾರು? ಕರ್ನಾಟಕದ ದೂರು ವ್ಯವಸ್ಥೆಗಳ ಒಂದು ವಿಮರ್ಶೆ

ಆಸ್ಪತ್ರೆಯವರು ಬಿಲ್‌ನಲ್ಲಿ ಹೆಚ್ಚು ಹಾಕಿದರು ಎಂದು ದೂರು ಹೇಳಿಕೊಳ್ಳಲು ಕರ್ನಾಟಕದಲ್ಲಿ ಜಾಗಕ್ಕೇನೂ ಬರವಿಲ್ಲ. ಆಸ್ಪತ್ರೆಯ ಬಿಲ್ಲಿಂಗ್ ಮ್ಯಾನೇಜರ್, ವಿಮಾ ಕಂಪನಿ, ವಿಮಾ ದೂರುಗಳಿಗೆ ತೀರ್ಪು ಕೊಡುವ ವಿಮಾ ಓಂಬುಡ್ಸ್‌ಮನ್, ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ), ಸರ್ಕಾರಿ ಆರೋಗ್ಯ ಯೋಜನೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್, ಔಷಧ ಬೆಲೆ ಪ್ರಾಧಿಕಾರ, ಗ್ರಾಹಕರ ಸಹಾಯವಾಣಿ 1915, ಗ್ರಾಹಕ ಆಯೋಗ. ಇವುಗಳಲ್ಲಿ ಕೆಲವು ನಿಮ್ಮ ಹಣವನ್ನು ನಿಜಕ್ಕೂ ವಾಪಸ್ ಕೊಡಿಸಬಲ್ಲವು. ಕೆಲವು ಆಸ್ಪತ್ರೆಗೆ ಬಿಸಿ ಮುಟ್ಟಿಸುತ್ತವೆ, ಆದರೆ ನಿಮ್ಮ ಕೈಗೆ ಒಂದು ರೂಪಾಯಿಯೂ ಬರುವುದಿಲ್ಲ. ಒಂದೇ ಅರ್ಜಿಯ ಎಂಟು ಜೆರಾಕ್ಸ್ ತೆಗೆದು ಎಂಟೂ ಕಡೆ ಕಳಿಸಿದರೆ ಸಾಮಾನ್ಯವಾಗಿ ಬರುವ ಹಿಂಬರಹ ಒಂದೇ: ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ.

ಮೊದಲು ಒಂದು ಕಹಿ ಮಾತು. ದುಬಾರಿ ಬಿಲ್ಲೆಲ್ಲ ಅಕ್ರಮ ಬಿಲ್ಲಲ್ಲ. ಖಾಸಗಿ ಆಸ್ಪತ್ರೆ ತನ್ನ ದರವನ್ನು ತಾನೇ ನಿಗದಿ ಮಾಡಿಕೊಳ್ಳಬಹುದು. ಪಕ್ಕದ ಆಸ್ಪತ್ರೆಯಲ್ಲಿ ಅರ್ಧಕ್ಕೆ ಮಾಡುತ್ತಾರೆ ಎಂಬ ವಾದ ಎಲ್ಲೂ ನಿಲ್ಲುವುದಿಲ್ಲ. ನಿಲ್ಲುವ ವಾದಗಳು ಐದೇ. ಬೋರ್ಡಿನಲ್ಲಿ ಹಾಕಿದ್ದಕ್ಕಿಂತ ಅಥವಾ ಎಸ್ಟಿಮೇಟ್, ಪ್ಯಾಕೇಜ್ ಎಂದು ಬರೆದುಕೊಟ್ಟಿದ್ದಕ್ಕಿಂತ ಹೆಚ್ಚು ಹಾಕಿರಬೇಕು. ಅಥವಾ ಕೊಡದ ಔಷಧಿ, ಮಾಡದ ಪರೀಕ್ಷೆ, ಬಾರದ ಡಾಕ್ಟರ ಹೆಸರಿನಲ್ಲಿ ಹಾಕಿರಬೇಕು. ಅಥವಾ ಎಂಆರ್‌ಪಿಯನ್ನೋ ಸರ್ಕಾರ ಕಟ್ಟಿದ ಗರಿಷ್ಠ ಬೆಲೆಯನ್ನೋ ಮೀರಿರಬೇಕು. ಅಥವಾ ಸರ್ಕಾರಿ ಯೋಜನೆಯ ರೋಗಿಯಿಂದ ಮೇಲ್ಹಣ ಪಡೆದಿರಬೇಕು. ಅಥವಾ ವಿಮಾ ಕಂಪನಿಯ ಜತೆ ಒಪ್ಪಿಕೊಂಡ ದರಕ್ಕಿಂತ ಹೆಚ್ಚಿನದನ್ನು ರೋಗಿಯಿಂದ ಕಿತ್ತಿರಬೇಕು. ನಿಮ್ಮ ದೂರು ಈ ಐದರಲ್ಲಿ ಯಾವುದು ಎಂದು ಗೊತ್ತಾದರೆ ಯಾರ ಬಳಿ ಹೋಗಬೇಕು ಎಂಬುದೂ ತಾನಾಗಿ ಗೊತ್ತಾಗುತ್ತದೆ.

ಕಾಗದ ಕೈಗೆ ಬಾರದೆ ಮಾತಿಲ್ಲ

ಡಿಸ್ಚಾರ್ಜ್ ದಿನ ಕೈಗೆ ಕೊಡುವ ಎರಡು ಪುಟದ ಬಿಲ್‌ನಲ್ಲಿ "ಫಾರ್ಮಸಿ 1,12,400", "ಇನ್ವೆಸ್ಟಿಗೇಷನ್ 38,600" ಎಂದಷ್ಟೇ ಇರುತ್ತದೆ. ಅದನ್ನು ಹಿಡಿದು ಜಗಳಕ್ಕೆ ನಿಂತರೆ ಸೋಲು ಖಚಿತ. ಕೇಳಬೇಕಾದ್ದು ದಿನಾಂಕವಾರು, ಐಟಂವಾರು ಬ್ರೇಕಪ್ ಬಿಲ್. ಅದರ ಜತೆಗೆ ಬ್ಯಾಚ್ ನಂಬರ್ ಸಮೇತ ಫಾರ್ಮಸಿ ಬಿಲ್‌ಗಳು, ಫಾರ್ಮಸಿ ರಿಟರ್ನ್ಸ್ ಪಟ್ಟಿ, ಕಟ್ಟಿದ ಅಡ್ವಾನ್ಸ್‌ನ ಎಲ್ಲ ರಸೀದಿ. ವಿಮೆ ಇದ್ದರೆ ಟಿಪಿಎ (ವಿಮಾ ಕಂಪನಿಯ ಪರವಾಗಿ ಕ್ಲೇಮ್ ನೋಡುವ ಸಂಸ್ಥೆ) ಕಳಿಸಿದ ಫೈನಲ್ ಅಪ್ರೂವಲ್ ಪತ್ರದ ಪ್ರತಿ ಬೇಕೇ ಬೇಕು. ಇದನ್ನು ಕೇಳದ ಹೊರತು ಕೊಡುವುದಿಲ್ಲ, ಕೇಳಿದರೂ "ಅದು ಇಂಟರ್ನಲ್" ಎನ್ನುತ್ತಾರೆ. ಪಾಲಿಸಿ ನಿಮ್ಮದು, ಪತ್ರವೂ ನಿಮ್ಮದು. ಆಸ್ಪತ್ರೆ ಕೊಡದಿದ್ದರೆ ವಿಮಾ ಕಂಪನಿಯ ಆ್ಯಪ್‌ನಲ್ಲಿ ಅಥವಾ ಇಮೇಲ್‌ನಲ್ಲಿ ಕೇಳಿ.

ಕೇಳಬೇಕಾದ ಇನ್ನೊಂದು ಕಾಗದ ಕೇಸ್ ಶೀಟ್. ಎಂಆರ್‌ಡಿ (ವೈದ್ಯಕೀಯ ದಾಖಲೆ) ವಿಭಾಗಕ್ಕೆ ಲಿಖಿತ ಅರ್ಜಿ ಕೊಟ್ಟು ನರ್ಸಿಂಗ್ ಚಾರ್ಟ್, ಡ್ರಗ್ ಚಾರ್ಟ್, ಐಸಿಯು ಫ್ಲೋ ಶೀಟ್, ಆಪರೇಷನ್ ನೋಟ್ಸ್ ಎಲ್ಲ ಸೇರಿದ ಪೂರ್ತಿ ಪ್ರತಿ ಕೇಳಬೇಕು. "ಕೇಸ್ ಶೀಟ್ ಕೊಡಿ" ಎಂದಷ್ಟೇ ಬರೆದರೆ ಡಿಸ್ಚಾರ್ಜ್ ಸಮ್ಮರಿಯ ಇನ್ನೊಂದು ಜೆರಾಕ್ಸ್ ಕೈಗಿಟ್ಟು ಕಳಿಸುತ್ತಾರೆ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಗಳ ಪ್ರಕಾರ ರೋಗಿಯೋ ಅಧಿಕೃತ ಪ್ರತಿನಿಧಿಯೋ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಮೂರು ವರ್ಷ ಅವನ್ನು ಕಾಪಾಡುವುದೂ ಕಡ್ಡಾಯ. ಜೆರಾಕ್ಸ್ ಖರ್ಚು ನಿಮ್ಮದು. ಅರ್ಜಿಯ ಎರಡನೇ ಪ್ರತಿಯ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳದೆ ಕೌಂಟರ್ ಬಿಡಬೇಡಿ. ಸೀಲು ಹಾಕಲು ಒಪ್ಪದಿದ್ದರೆ ಅದೇ ಅರ್ಜಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಇಮೇಲ್ ಕೂಡ ಮಾಡಿ.

ದರ ಫಲಕದ ಫೋಟೊ ಡಿಸ್ಚಾರ್ಜ್‌ಗೆ ಮುಂಚೆಯೇ ತೆಗೆದಿಟ್ಟುಕೊಳ್ಳಿ. ಹಾಸಿಗೆಯ ಪಕ್ಕ ಬಿದ್ದಿರುವ ಖಾಲಿ ಸ್ಟ್ರಿಪ್, ಡ್ರಿಪ್ ಸೆಟ್‌ನ ಕವರ್, ಇಂಪ್ಲಾಂಟ್‌ನ ಸ್ಟಿಕ್ಕರ್ ಇವುಗಳ ಮೇಲಿನ ಎಂಆರ್‌ಪಿ ಕಾಣುವಂತೆ ಫೋಟೊ ಇದ್ದರೆ ಮುಂದೆ ನೂರು ಮಾತು ಉಳಿಯುತ್ತದೆ. ಹಣವನ್ನು ಕಾರ್ಡ್ ಅಥವಾ ಯುಪಿಐನಲ್ಲೇ ಕಟ್ಟಿ. ಆದಾಯ ತೆರಿಗೆ ಕಾಯ್ದೆಯ ಪ್ರಕಾರ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ನಗದನ್ನು ಪಡೆಯುವಂತೆಯೇ ಇಲ್ಲ. ನಗದೇ ಬೇಕು, ರಸೀದಿ ಆಮೇಲೆ ಎನ್ನುವ ಕಡೆ ಇದನ್ನು ಒಮ್ಮೆ ಜೋರಾಗಿ ಹೇಳಿದರೆ ಸಾಕು.

ಬಿಲ್ ತಕರಾರಿನಲ್ಲಿದೆ, ಆದರೂ ರೋಗಿಯನ್ನು ಮನೆಗೆ ಕರೆದೊಯ್ಯಲೇಬೇಕು ಎಂಬ ಸ್ಥಿತಿಯಲ್ಲಿ ಹಣ ಕಟ್ಟಿಬಿಡಿ. ಆದರೆ ಬಿಲ್‌ನ ಆಸ್ಪತ್ರೆ ಪ್ರತಿಯ ಮೇಲೆ ನಿಮ್ಮ ಕೈಯಲ್ಲೇ "ಆಕ್ಷೇಪಣೆಯೊಂದಿಗೆ ಪಾವತಿಸಿದ್ದೇನೆ, ವಿವರ ಪ್ರತ್ಯೇಕವಾಗಿ ಸಲ್ಲಿಸುತ್ತೇನೆ" ಎಂದು ಬರೆದು ಫೋಟೊ ತೆಗೆದುಕೊಳ್ಳಿ. ಬರೆಯಲು ಬಿಡದಿದ್ದರೆ ಅಲ್ಲೇ ನಿಂತು ಅದೇ ವಾಕ್ಯವನ್ನು ಇಮೇಲ್ ಮಾಡಿ, ಸಮಯ ದಾಖಲಾಗುತ್ತದೆ. ಡಿಸ್ಚಾರ್ಜ್ ಕಾಗದಗಳ ನಡುವೆ "ಬಿಲ್ ಬಗ್ಗೆ ಯಾವುದೇ ತಕರಾರಿಲ್ಲ" ಎಂಬ ಒಂದು ಹಾಳೆ ಇರುವುದುಂಟು. ಓದದೆ ಸಹಿ ಹಾಕಬೇಡಿ.

ಬಿಲ್ ಓದುವುದು

ಒಟ್ಟು ಮೊತ್ತವನ್ನು ಮರೆತುಬಿಡಿ. ಒಂದು ಕಡೆ ಬ್ರೇಕಪ್ ಬಿಲ್, ಇನ್ನೊಂದು ಕಡೆ ಡ್ರಗ್ ಚಾರ್ಟ್ ಇಟ್ಟುಕೊಂಡು ಕೂತರೆ ದೊಡ್ಡ ಮೊತ್ತದ ಐದಾರು ಸಾಲುಗಳಲ್ಲೇ ವಿಷಯ ಮುಗಿಯುತ್ತದೆ. ಕೈಗವಸು, ಹತ್ತಿ, ಸಿರಿಂಜ್ ಎಣಿಸುತ್ತ ಕೂರಬೇಡಿ. ಅವುಗಳ ಲೆಕ್ಕ ಯಾವ ಚಾರ್ಟ್‌ನಲ್ಲೂ ಇರುವುದಿಲ್ಲ, ಇಷ್ಟು ಬಳಸಲಿಲ್ಲ ಎಂದು ಸಾಬೀತು ಮಾಡಲೂ ಆಗುವುದಿಲ್ಲ.

ದುಬಾರಿ ಇಂಜೆಕ್ಷನ್‌ಗಳಿಂದ ಶುರು ಮಾಡಿ. ಮೆರೋಪೆನೆಮ್ 1 ಗ್ರಾಂ ದಿನಕ್ಕೆ ಮೂರು ಬಾರಿ, ಐದು ದಿನ ಎಂದು ಚಾರ್ಟ್ ಹೇಳಿದರೆ 15 ವಯಲ್ ಆಯಿತು. ಬಿಲ್‌ನಲ್ಲಿ 22 ಇದ್ದು, ವಾಪಸ್ ಪಟ್ಟಿಯಲ್ಲಿ 2 ಇದ್ದರೆ ಉಳಿದ 5 ಎಲ್ಲಿ ಹೋಯಿತು? ಇದು ಸಾಮಾನ್ಯವಾಗಿ ಆಗುವುದು ವಾರ್ಡಿನಿಂದ ಫಾರ್ಮಸಿಗೆ ಹೋಗುವ ಇಂಡೆಂಟ್‌ನಲ್ಲಿ, ಅಂದರೆ ಔಷಧಿಯ ಬೇಡಿಕೆ ಚೀಟಿಯಲ್ಲಿ. ಇಂಡೆಂಟ್ ಹಾಕಿದ ಕೂಡಲೇ ರೋಗಿಯ ಲೆಕ್ಕಕ್ಕೆ ಬೀಳುತ್ತದೆ. ಡಾಕ್ಟರು ಮಾರನೇ ದಿನ ಔಷಧಿ ಬದಲಿಸುತ್ತಾರೆ, ಉಳಿದದ್ದು ವಾರ್ಡಿನ ಕಪಾಟಿನಲ್ಲೇ ಇರುತ್ತದೆ, ರಿಟರ್ನ್ ಎಂಟ್ರಿ ಮಾಡುವವರು ಇರುವುದಿಲ್ಲ. ಇಲ್ಲಿ ಮೋಸಕ್ಕಿಂತ ಉದಾಸೀನವೇ ಹೆಚ್ಚು. ಆದರೆ ಹಣ ಹೋಗುವುದು ನಿಮ್ಮದೇ. ಫೈನಲ್ ಬಿಲ್ ಆಗುವ ಮೊದಲೇ "ಫಾರ್ಮಸಿ ರಿಟರ್ನ್ಸ್ ಆಯಿತಾ?" ಎಂದು ನರ್ಸಿಂಗ್ ಸ್ಟೇಷನ್‌ನಲ್ಲಿ ಕೇಳುವುದು ಒಳ್ಳೆಯ ಅಭ್ಯಾಸ. ಫ್ರಿಜ್‌ನಲ್ಲಿಡುವ ಇನ್ಸುಲಿನ್, ಆಲ್ಬುಮಿನ್ ಥರದವನ್ನು ಒಮ್ಮೆ ಮನೆಗೆ ತಂದರೆ ವಾಪಸ್ ತೆಗೆದುಕೊಳ್ಳುವುದಿಲ್ಲ.

ಎರಡನೆಯದು ದಿನದ ಲೆಕ್ಕ. ಸೋಮವಾರ ರಾತ್ರಿ 11ಕ್ಕೆ ಸೇರಿ ಬುಧವಾರ ಮಧ್ಯಾಹ್ನ 2ಕ್ಕೆ ಹೊರಬಂದರೆ 39 ಗಂಟೆ. 24 ಗಂಟೆಗೆ ಒಂದು ದಿನ ಎಂದರೆ ಎರಡು ದಿನ, ಕ್ಯಾಲೆಂಡರ್ ದಿನ ಎಂದರೆ ಮೂರು ದಿನ. ಎರಡರಲ್ಲಿ ಯಾವುದು ಎಂದು ಆಸ್ಪತ್ರೆಯ ದರಪಟ್ಟಿಯಲ್ಲಿ ಬರೆದಿರುತ್ತದೆ. ಗಮನಿಸಬೇಕಾದ್ದು ವಾರ್ಡಿನಿಂದ ಐಸಿಯುಗೆ ಹೋದ ದಿನ. ಆ ದಿನಕ್ಕೆ ಎರಡೂ ಹಾಸಿಗೆಗಳ ಬಾಡಿಗೆ ಬಿದ್ದಿರುವುದು ತೀರಾ ಸಾಮಾನ್ಯ. ವೆಂಟಿಲೇಟರ್, ಆಕ್ಸಿಜನ್, ಮಾನಿಟರ್ ಇವನ್ನು ಗಂಟೆ ಲೆಕ್ಕದಲ್ಲಿ ಹಾಕಿದ್ದರೆ ಐಸಿಯು ಫ್ಲೋ ಶೀಟ್ ಜತೆ ತಾಳೆ ನೋಡಿ. ಟ್ಯೂಬ್ ತೆಗೆದ ಸಮಯವನ್ನು ಅದರಲ್ಲಿ ಬರೆದಿರುತ್ತಾರೆ. ಡಾಕ್ಟರ್ ವಿಸಿಟ್‌ಗಳಿಗೂ ಅಷ್ಟೇ: ಪ್ರತಿ ವಿಸಿಟ್‌ಗೆ ಕೇಸ್ ಶೀಟ್‌ನಲ್ಲಿ ಒಂದು ನೋಟ್ ಇರಬೇಕು. ನೋಟ್ ಇಲ್ಲದ ಕನ್ಸಲ್ಟೇಷನ್‌ಗೆ ಆಧಾರವಿಲ್ಲ. ರೂಮಿನ ದರ್ಜೆ ಏರಿದರೆ ಆಪರೇಷನ್, ಸ್ಕ್ಯಾನ್, ಡಾಕ್ಟರ್ ಫೀಸ್ ಎಲ್ಲದರ ದರವೂ ಏರುವ ಪದ್ಧತಿ ಹೆಚ್ಚಿನ ಕಡೆ ಇದೆ. ನೀವು ಕೇಳಿದ ರೂಮು ಖಾಲಿ ಇಲ್ಲವೆಂದು ಅವರೇ ಮೇಲಿನ ದರ್ಜೆಯ ರೂಮು ಕೊಟ್ಟಿದ್ದರೆ, ಯಾವ ದರ್ಜೆಯಲ್ಲಿ ಬಿಲ್ ಮಾಡುತ್ತೀರಿ ಎಂದು ಅಂದೇ ಬರೆಸಿಕೊಳ್ಳಿ.

ಜಿಎಸ್‌ಟಿ ಸಾಲು ಕಂಡರೆ ನಿಲ್ಲಿ. ಆಸ್ಪತ್ರೆಯ ಚಿಕಿತ್ಸಾ ಸೇವೆಗೆ ಜಿಎಸ್‌ಟಿ ಇಲ್ಲ. 2022ರ ಜುಲೈ 18ರಿಂದ ದಿನಕ್ಕೆ 5,000 ರೂಪಾಯಿ ಮೀರಿದ ರೂಮ್ ಬಾಡಿಗೆಗೆ ಮಾತ್ರ ಶೇ. 5 ಇದೆ. ಅದೂ ಐಸಿಯು, ಎನ್‌ಐಸಿಯು (ನವಜಾತ ಶಿಶುಗಳ ಐಸಿಯು) ಹಾಸಿಗೆಗಳಿಗೆ ಅನ್ವಯಿಸುವುದಿಲ್ಲ. ಐಸಿಯು ಬಾಡಿಗೆಯ ಮೇಲೆ ತೆರಿಗೆ ಹಾಕಿದ್ದರೆ ವಾದಕ್ಕೇ ಅವಕಾಶವಿಲ್ಲ, ವಾಪಸ್ ಬರಬೇಕು. ಔಷಧಿಯ ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತದೆ. ಅದರ ಮೇಲೆ ಮತ್ತೆ ತೆರಿಗೆ ಕೂಡಿಸುವಂತಿಲ್ಲ.

ಸ್ಟೆಂಟ್ ಮತ್ತು ಮಂಡಿಯ ಇಂಪ್ಲಾಂಟ್‌ಗೆ ಗರಿಷ್ಠ ಬೆಲೆ ಇದೆ. 2017ರ ಫೆಬ್ರವರಿಯಲ್ಲಿ ಔಷಧಿ ಲೇಪಿತ ಸ್ಟೆಂಟ್‌ಗೆ 29,600 ರೂಪಾಯಿ ಎಂದು ಕಟ್ಟಿದರು, ಅದೇ ವರ್ಷ ಆಗಸ್ಟ್‌ನಲ್ಲಿ ಮಂಡಿಯ ಇಂಪ್ಲಾಂಟ್‌ಗಳಿಗೂ ಮಿತಿ ಬಂತು. ಈ ಬೆಲೆಗಳು ಆಗಾಗ ಪರಿಷ್ಕರಣೆಯಾಗುತ್ತವೆ, ಹಾಗಾಗಿ ಆಪರೇಷನ್ ನಡೆದ ದಿನ ಯಾವ ಬೆಲೆ ಜಾರಿಯಲ್ಲಿತ್ತೋ ಅದನ್ನೇ ನೋಡಬೇಕು. ಸ್ಟೆಂಟ್‌ನ ಬೆಲೆ, ಬ್ರ್ಯಾಂಡ್, ತಯಾರಕರ ಹೆಸರನ್ನು ಬಿಲ್‌ನಲ್ಲಿ ಪ್ರತ್ಯೇಕವಾಗಿ ತೋರಿಸಬೇಕು. "ಆ್ಯಂಜಿಯೋಪ್ಲಾಸ್ಟಿ ಪ್ಯಾಕೇಜ್" ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದರೆ ಅದೇ ಮೊದಲ ಆಕ್ಷೇಪಣೆ.

ಆಸ್ಪತ್ರೆಯ ಒಳಗಿನ ದೂರು: ನಿರೀಕ್ಷೆಗಿಂತ ಒಳ್ಳೆಯದು

ತಪ್ಪು ಲೆಕ್ಕ, ಎರಡು ಬಾರಿ ಬಿದ್ದ ಪರೀಕ್ಷೆ, ವಾಪಸ್ ಆಗದ ಔಷಧಿ ಇಂಥವು ಬೇಗ ಬಗೆಹರಿಯುವುದು ಇಲ್ಲೇ. ಆದರೆ ಕೌಂಟರ್‌ನಲ್ಲಿ ಕೂತ ಹುಡುಗನ ಮೇಲೆ ಕೂಗಿ ಪ್ರಯೋಜನವಿಲ್ಲ. ಬಿಲ್ ತಿದ್ದುವ ಅಧಿಕಾರ ಅವನಿಗಿಲ್ಲ. ಪತ್ರ ಹೋಗಬೇಕಾದ್ದು ಮೆಡಿಕಲ್ ಸೂಪರಿಂಟೆಂಡೆಂಟ್‌ಗೆ, ಪ್ರತಿ ಬಿಲ್ಲಿಂಗ್ ಮುಖ್ಯಸ್ಥರಿಗೆ. ಪತ್ರ ಹೀಗಿದ್ದರೆ ಸಾಕು: "ಐಪಿ (ಒಳರೋಗಿ) ನಂಬರ್ ಇಂತಿಷ್ಟು. ಬಿಲ್ ಸಾಲು 47, ದಿನಾಂಕ ಇಂಥದ್ದು, ಮೆರೋಪೆನೆಮ್ 22 ವಯಲ್. ಡ್ರಗ್ ಚಾರ್ಟ್ ಪ್ರಕಾರ ಕೊಟ್ಟಿದ್ದು 15, ವಾಪಸ್ 2. ವ್ಯತ್ಯಾಸ 5 ವಯಲ್, ಮೊತ್ತ ಇಷ್ಟು. 15 ದಿನದೊಳಗೆ ಲಿಖಿತ ಉತ್ತರ ಮತ್ತು ಈ ಖಾತೆಗೆ ಹಣ ವಾಪಸ್ ಕೋರುತ್ತೇನೆ." ಪ್ರತಿ ತಕರಾರಿಗೂ ಇಂಥದ್ದೇ ಒಂದೊಂದು ಸಾಲು, ಕೊನೆಯಲ್ಲಿ ಒಟ್ಟು. ಸುಲಿಗೆ, ದರೋಡೆ ಎಂಬ ಪದಗಳು ಬೇಡ. ಅವು ಬಂದ ಕೂಡಲೇ ಪತ್ರ ಅಕೌಂಟ್ಸ್ ವಿಭಾಗದಿಂದ ವಕೀಲರ ಮೇಜಿಗೆ ಹೋಗುತ್ತದೆ.

ಇಲ್ಲಿನ ಗುಂಡಿ ಎಂದರೆ "ಡಿಸ್ಕೌಂಟ್". ತಪ್ಪು ಒಪ್ಪಿಕೊಂಡು ಬಿಲ್ ತಿದ್ದುವ ಬದಲು ಸೌಜನ್ಯಕ್ಕೆ ಇಷ್ಟು ಬಿಡುತ್ತೇವೆ ಎನ್ನುತ್ತಾರೆ, ಪೂರ್ಣ ಮತ್ತು ಅಂತಿಮ ಇತ್ಯರ್ಥ ಎಂಬ ಕಾಗದಕ್ಕೆ ಸಹಿ ಪಡೆಯುತ್ತಾರೆ. ಸಹಿ ಹಾಕಿದ ಮೇಲೆ ಉಳಿದ ಎಲ್ಲ ದಾರಿ ಕಷ್ಟ. ನಿಮ್ಮ ಲೆಕ್ಕದ ಮೊತ್ತಕ್ಕೆ ಅದು ಹತ್ತಿರವಿದ್ದರೆ ಒಪ್ಪಿಕೊಳ್ಳಿ, ಅದರಲ್ಲಿ ಅವಮಾನವೇನಿಲ್ಲ. ಲೆಕ್ಕ ಹಾಕುವ ಮುಂಚೆ ಮಾತ್ರ ಒಪ್ಪಿಕೊಳ್ಳಬೇಡಿ.

ವಿಮೆ: ದೂರು ಯಾರ ಮೇಲೆ?

ಕ್ಯಾಶ್‌ಲೆಸ್‌ನಲ್ಲಿ, ಅಂದರೆ ವಿಮಾ ಕಂಪನಿಯೇ ಆಸ್ಪತ್ರೆಗೆ ನೇರ ಹಣ ಕಟ್ಟುವಾಗ, ನಿಮ್ಮ ಹಣ ಹೋಗುವುದು ಎರಡು ಕಡೆ, ಮತ್ತು ಜನ ಇವೆರಡನ್ನೂ ಕಲಸುತ್ತಾರೆ. ವಿಮಾ ಕಂಪನಿ ಕೊಡಬೇಕಾದ್ದನ್ನು ಕಡಿತ ಮಾಡಿದ್ದರೆ ದೂರು ಕಂಪನಿಯ ಮೇಲೆ. ಕಂಪನಿ ಕೊಡಬೇಕಿಲ್ಲದ, ಆಸ್ಪತ್ರೆ ಕೇಳಲೂಬಾರದ ಮೊತ್ತವನ್ನು ನಿಮ್ಮಿಂದ ಪಡೆದಿದ್ದರೆ ದೂರು ಆಸ್ಪತ್ರೆಯ ಮೇಲೆ. ಫೈನಲ್ ಅಪ್ರೂವಲ್ ಪತ್ರದ ಕಡಿತದ ಪಟ್ಟಿಯಲ್ಲಿ ಒಂದೊಂದಕ್ಕೂ ಷರಾ ಇರುತ್ತದೆ. "ಒಪ್ಪಂದದ ದರಕ್ಕಿಂತ ಹೆಚ್ಚು" ಅಥವಾ "ಎಂಒಯು ಡಿಸ್ಕೌಂಟ್" (ಒಪ್ಪಂದದ ರಿಯಾಯಿತಿ) ಎಂದಿದ್ದರೆ ಆ ಮೊತ್ತವನ್ನು ರೋಗಿಯಿಂದ ಪಡೆಯುವಂತಿಲ್ಲ. ಡಿಸ್ಚಾರ್ಜ್ ಗಡಿಬಿಡಿಯಲ್ಲಿ "ಇನ್ಶೂರೆನ್ಸ್‌ನವರು ಇಷ್ಟು ಕಟ್ ಮಾಡಿದ್ದಾರೆ, ನೀವು ಕಟ್ಟಿ" ಎಂದು ಒಟ್ಟಾಗಿ ಹೇಳುವಾಗ ಇದೂ ಅದರೊಳಗೆ ಸೇರಿಬಿಡುತ್ತದೆ. ಪತ್ರದ ಪ್ರತಿ ಬೇಕೇ ಬೇಕು ಎಂದಿದ್ದು ಇದಕ್ಕೇ.

ವಿಮಾ ನಿಯಂತ್ರಕರ ನಾಲ್ಕು ಪಟ್ಟಿಗಳು ತಿಳಿದಿರಲಿ. ಮೊದಲ ಪಟ್ಟಿಯಲ್ಲಿ ಕೈಗವಸು, ಡೈಪರ್, ವಿವರವಿಲ್ಲದ ಕಿಟ್, ಸರ್ಚಾರ್ಜ್ ಮುಂತಾದ 68 ಐಟಂ ಇವೆ. ಪಾಲಿಸಿಯಲ್ಲಿ ಪ್ರತ್ಯೇಕ ರಕ್ಷಣೆ ಇಲ್ಲದಿದ್ದರೆ ಇವಕ್ಕೆ ಕಂಪನಿ ಹಣ ಕೊಡುವುದಿಲ್ಲ. ಉಳಿದ ಮೂರು ಪಟ್ಟಿಗಳಲ್ಲಿರುವುದು ರೂಮ್ ಬಾಡಿಗೆಯಲ್ಲಿ, ಆಪರೇಷನ್ ಶುಲ್ಕದಲ್ಲಿ, ಚಿಕಿತ್ಸಾ ವೆಚ್ಚದಲ್ಲಿ ಒಳಗೊಂಡೇ ಇರಬೇಕಾದವು: ಹೌಸ್‌ಕೀಪಿಂಗ್, ಫೈಲ್ ತೆರೆಯುವ ಶುಲ್ಕ, ಡಿಸ್ಚಾರ್ಜ್ ಪ್ರಕ್ರಿಯೆ ಶುಲ್ಕ, ಪಲ್ಸ್ ಆಕ್ಸಿಮೀಟರ್, ಇಂಜೆಕ್ಷನ್ ಹಾಕುವ ಶುಲ್ಕ, ಸರ್ಜಿಕಲ್ ಬ್ಲೇಡ್, ಹತ್ತಿ, ಇನ್‌ಫ್ಯೂಷನ್ ಪಂಪ್, ಅಡ್ಮಿಷನ್ ಶುಲ್ಕ. ಇವನ್ನು ಬಿಡಿಬಿಡಿಯಾಗಿ ಹಾಕಿ ನಿಮ್ಮಿಂದ ಪಡೆದಿದ್ದರೆ, ನೆಟ್‌ವರ್ಕ್ ಆಸ್ಪತ್ರೆಯ (ವಿಮಾ ಕಂಪನಿಯ ಜತೆ ಒಪ್ಪಂದವಿರುವ ಆಸ್ಪತ್ರೆಯ) ಮಟ್ಟಿಗೆ ಅದು ಬಲವಾದ ತಕರಾರು. ನಗದು ರೋಗಿಗೆ ಈ ಪಟ್ಟಿಗಳು ಕಾನೂನಲ್ಲ, ಆದರೂ ಪತ್ರದಲ್ಲಿ ಉಲ್ಲೇಖಿಸಲು ಅಡ್ಡಿಯಿಲ್ಲ.

ರೂಮ್ ಮಿತಿ ಮೀರಿದಾಗಿನ ಕಡಿತದಲ್ಲಿ ಕಂಪನಿಗಳೇ ಎಡವುತ್ತವೆ. ಪಾಲಿಸಿಯ ಮಿತಿ ದಿನಕ್ಕೆ 5,000, ನೀವು ಪಡೆದದ್ದು 8,000 ಎಂದಾದರೆ ಡಾಕ್ಟರ್ ಫೀಸ್, ಆಪರೇಷನ್ ಥಿಯೇಟರ್, ನರ್ಸಿಂಗ್ ಥರದ ವೆಚ್ಚದಲ್ಲಿ ಎಂಟರಲ್ಲಿ ಐದು ಭಾಗ ಮಾತ್ರ ಸಿಗುತ್ತದೆ. ಆದರೆ ಔಷಧಿ, ಕನ್ಸ್ಯೂಮೆಬಲ್ಸ್, ಇಂಪ್ಲಾಂಟ್, ಪರೀಕ್ಷೆಗಳಿಗೆ ಈ ಪ್ರಮಾಣವಾರು ಕಡಿತ ಮಾಡುವಂತಿಲ್ಲ. ಫಾರ್ಮಸಿ ಬಿಲ್ 90,000 ಇದ್ದು ಅದಕ್ಕೂ ಕತ್ತರಿ ಹಾಕಿದ್ದರೆ 33,750 ರೂಪಾಯಿ ನಿಮಗೆ ಬಾಕಿ ಎಂದರ್ಥ.

ದಾರಿ ಹೀಗೆ: ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್, ಜತೆಗೆ ವಿಮಾ ನಿಯಂತ್ರಕರ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ದಾಖಲು, ಅಥವಾ 155255ಕ್ಕೆ ಕರೆ. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಓಂಬುಡ್ಸ್‌ಮನ್. ಕರ್ನಾಟಕಕ್ಕೆ ಇವರ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಶುಲ್ಕವಿಲ್ಲ, ವಕೀಲರಿಗೆ ಪ್ರವೇಶವಿಲ್ಲ, 50 ಲಕ್ಷದವರೆಗಿನ ತಕರಾರು ನೋಡುತ್ತಾರೆ, ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ, ನಿಮ್ಮನ್ನಲ್ಲ. ಒಪ್ಪಿಗೆಯಾಗದಿದ್ದರೆ ಗ್ರಾಹಕ ಆಯೋಗದ ದಾರಿ ತೆರೆದೇ ಇರುತ್ತದೆ. ಮೊದಲೇ ಆಯೋಗದಲ್ಲಿ ಕೇಸ್ ಹಾಕಿದ್ದರೆ ಮಾತ್ರ ಇವರು ಮುಟ್ಟುವುದಿಲ್ಲ. ಹಾಗಾಗಿ ಕ್ರಮ ತಪ್ಪಿಸಬೇಡಿ. ಇಡೀ ವ್ಯವಸ್ಥೆಯಲ್ಲಿ ಸಾಮಾನ್ಯ ಮನುಷ್ಯನಿಗೆ ಹೇಳಿ ಮಾಡಿಸಿದ್ದು ಯಾವುದೆಂದರೆ ನಾವು ಓಂಬುಡ್ಸ್‌ಮನ್ ಕಚೇರಿಯನ್ನೇ ತೋರಿಸುತ್ತೇವೆ. ಕೊರತೆ ಒಂದೇ, ಆಸ್ಪತ್ರೆಯ ಮೇಲಿನ ದೂರನ್ನು ಇಲ್ಲಿ ಕೇಳುವುದಿಲ್ಲ.

ಯೋಜನೆಯ ರೋಗಿಯಿಂದ ಹಣ ಪಡೆದಿದ್ದರೆ

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಅನುಮತಿ ಸಿಕ್ಕ ಮೇಲೆ "ಒಳ್ಳೆಯ ಕಂಪನಿಯ ಇಂಪ್ಲಾಂಟ್‌ಗೆ ವ್ಯತ್ಯಾಸ ಕೊಡಿ", "ಈ ಇಂಜೆಕ್ಷನ್ ಯೋಜನೆಯಲ್ಲಿ ಬರಲ್ಲ" ಎಂದು ಬಿಪಿಎಲ್ ರೋಗಿಯಿಂದ ಪಡೆಯುವ ಹಣ ನಿಯಮಕ್ಕೆ ವಿರುದ್ಧ. ದೂರು ಮೊದಲು ಆಸ್ಪತ್ರೆಯಲ್ಲೇ ಇರುವ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರಿಗೆ, ನಂತರ ಸಹಾಯವಾಣಿ 104 ಅಥವಾ 14555ಕ್ಕೆ, ಕೊನೆಗೆ ಅನುಮತಿ ಸಂಖ್ಯೆ ಮತ್ತು ರಸೀದಿಗಳ ಸಮೇತ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ಗೆ. ಇದು ಕೆಲಸ ಮಾಡುವುದಕ್ಕೆ ಕಾರಣ ಸರಳ. ಆಸ್ಪತ್ರೆಗೆ ಹಣ ಪಾವತಿ ಮಾಡುವವರೇ ಟ್ರಸ್ಟ್‌ನವರು, ಮುಂದಿನ ಪಾವತಿಗೆ ಆಸ್ಪತ್ರೆ ಅವರ ಕೈ ನೋಡಲೇಬೇಕು.

ಕೆಡುವುದು ಎಲ್ಲಿ ಎಂದರೆ ದಾಖಲಾತಿಯಲ್ಲಿ. ಸೇರುವಾಗ ಕಾರ್ಡ್ ತೋರಿಸದೆ, ಅಥವಾ "ಯೋಜನೆಯ ಸೌಲಭ್ಯ ಬೇಡ, ಸ್ವಂತ ಖರ್ಚಿನಲ್ಲಿ ಚಿಕಿತ್ಸೆ" ಎಂಬ ಹಾಳೆಗೆ ಸಹಿ ಹಾಕಿ ನಗದು ರೋಗಿಯಾದವರಿಗೆ ಆಮೇಲೆ ಟ್ರಸ್ಟ್ ಏನೂ ಮಾಡಲಾರದು. ತುರ್ತು ಸಂದರ್ಭ ಬಿಟ್ಟರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವೂ ಬೇಕು.

ಡಿಎಚ್‌ಒ ಕಚೇರಿ: ಹಲ್ಲಿದೆ, ಕಚ್ಚುವುದು ನಿಧಾನ

ಈ ಕಚೇರಿಯ ಬಲ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಕೆಪಿಎಂಇ. 2017ರ ನವೆಂಬರ್‌ನಲ್ಲಿ ಅದರ ತಿದ್ದುಪಡಿಯ ವಿರುದ್ಧ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು ಬಹಳ ಜನಕ್ಕೆ ನೆನಪಿರಬಹುದು. ಅದರ ಪ್ರಕಾರ ಆಸ್ಪತ್ರೆ ದರಗಳನ್ನು ಪ್ರದರ್ಶಿಸಬೇಕು, ತುರ್ತು ಚಿಕಿತ್ಸೆಗೆ ಮುಂಗಡ ಕಟ್ಟಿ ಎಂದು ಪಟ್ಟು ಹಿಡಿಯುವಂತಿಲ್ಲ, ಬಾಕಿ ಇದೆಯೆಂದು ಶವವನ್ನು ತಡೆಹಿಡಿಯುವಂತಿಲ್ಲ. ದೂರು ಕೇಳುವುದು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ, ಜಿಲ್ಲಾ ಆರೋಗ್ಯಾಧಿಕಾರಿ ಸದಸ್ಯ ಕಾರ್ಯದರ್ಶಿಯಾಗಿರುವ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ.

ಸರ್ಕಾರ ದರ ಕಟ್ಟಿದ ಸಂಗತಿಗಳಿಗೆ ಇದು ಸರಿಯಾದ ಜಾಗ. 2020ರ ಜೂನ್‌ನಲ್ಲಿ ಕೋವಿಡ್ ಚಿಕಿತ್ಸೆಗೆ ಸ್ವಂತ ಖರ್ಚಿನ ರೋಗಿಗೆ ಜನರಲ್ ವಾರ್ಡ್ ದಿನಕ್ಕೆ 10,000, ವೆಂಟಿಲೇಟರ್ ಸಹಿತ ಐಸಿಯುಗೆ 25,000 ಎಂದು ಮಿತಿ ಹಾಕಿದ್ದರಿಂದಲೇ ಆಗ ಹೆಚ್ಚುವರಿ ಹಣ ವಾಪಸ್ ಕೇಳಲು ಕಾಲೂರುವ ನೆಲ ಸಿಕ್ಕಿತು. 2024ರ ಜುಲೈನಲ್ಲಿ ಡೆಂಗಿ ಎಲೈಜಾ ಪರೀಕ್ಷೆಗೆ 300, ರ‍್ಯಾಪಿಡ್ ಪರೀಕ್ಷೆಗೆ 250 ಎಂದು ನಿಗದಿಯಾಯಿತು. ಇಂಥ ಆದೇಶದ ಪ್ರತಿ ಲಗತ್ತಿಸಿದ ದೂರಿಗೂ "ತುಂಬಾ ಹೆಚ್ಚು ತಗೊಂಡ್ರು" ಎಂಬ ದೂರಿಗೂ ಕಚೇರಿಯಲ್ಲಿ ಸಿಗುವ ಮರ್ಯಾದೆಯೇ ಬೇರೆ. ಪ್ರಾಧಿಕಾರ ನೋಟಿಸ್ ಕೊಡುತ್ತದೆ, ವಿಚಾರಣೆಗೆ ಕರೆಯುತ್ತದೆ. ನೋಂದಣಿ ಅವರ ಕೈಯಲ್ಲಿರುವುದರಿಂದ ಆಸ್ಪತ್ರೆ ರಾಜಿಗೆ ಬರುವ ಸಾಧ್ಯತೆ ಹೆಚ್ಚು. ಆದರೆ ನ್ಯಾಯಾಲಯದಂತೆ ಬಡ್ಡಿ, ಪರಿಹಾರ ಸಮೇತ ಆದೇಶ ಬರುತ್ತದೆ ಎಂದು ಕಾಯಬೇಡಿ. ಕಡತ ನಿಂತುಬಿಟ್ಟರೆ ಸರ್ಕಾರದ ದೂರು ಸಹಾಯವಾಣಿ 1902ಕ್ಕೆ ಕರೆ ಮಾಡಿ ಜನಸ್ಪಂದನದಲ್ಲಿ ದಾಖಲಿಸಿ. ಸಂಖ್ಯೆ ಬಿದ್ದ ಕಡತ ಸ್ವಲ್ಪ ಬೇಗ ನಡೆಯುತ್ತದೆ. ಬಿಲ್ ದೂರನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಕಳಿಸುವವರಿದ್ದಾರೆ. ಅದು ವೈದ್ಯರ ನಡತೆ ನೋಡುವ ಸಂಸ್ಥೆ, ಬಿಲ್ ಅಲ್ಲ.

ಔಷಧ ಬೆಲೆ ಪ್ರಾಧಿಕಾರ ಮತ್ತು 1915

ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರದ ಫಾರ್ಮಾ ಸಹಿ ದಾಮ್ ಆ್ಯಪ್ ಬೆಲೆ ನೋಡಲು ಚೆನ್ನಾಗಿದೆ, ಅದನ್ನು ಇಟ್ಟುಕೊಳ್ಳಿ. ದೂರಿಗೆ ಫಾರ್ಮಾ ಜನ ಸಮಾಧಾನ್ ಇದೆ. ಆದರೆ ಗರಿಷ್ಠ ಬೆಲೆ ಮೀರಿದ ಹಣವನ್ನು ಪ್ರಾಧಿಕಾರ ವಸೂಲಿ ಮಾಡಿದರೆ ಅದು ಸೇರುವುದು ಸರ್ಕಾರದ ಖಜಾನೆಗೆ, ನಿಮ್ಮ ಖಾತೆಗಲ್ಲ. ಇಲ್ಲಿ ಕೊಟ್ಟ ದೂರಿನ ಸ್ವೀಕೃತಿ ಆಸ್ಪತ್ರೆಗೆ ಬರೆಯುವ ಪತ್ರಕ್ಕೆ ಒಳ್ಳೆಯ ಲಗತ್ತು, ಅಷ್ಟೆ. ಇನ್ನೊಂದು ಮಿತಿ: ಅಂಟಿಸಿದ ಎಂಆರ್‌ಪಿಯೇ ವಿಪರೀತ ಇದ್ದರೆ ಆಸ್ಪತ್ರೆ ಅದನ್ನು ಮೀರದೆಯೇ ಭರ್ಜರಿ ಲಾಭ ಮಾಡಬಹುದು. 2018ರಲ್ಲಿ ದೆಹಲಿ ಸುತ್ತಲಿನ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್‌ಗಳನ್ನು ಇದೇ ಪ್ರಾಧಿಕಾರ ಪರಿಶೀಲಿಸಿದಾಗ ಕೆಲವು ವಸ್ತುಗಳಲ್ಲಿ ಶೇ. 1,737ರವರೆಗೆ ಲಾಭಾಂಶ ಕಂಡುಬಂದಿತ್ತು. ಅದರಲ್ಲಿ ರೋಗಿಗೆ ಇರುವ ರಕ್ಷಣೆ ಕಡಿಮೆ. ಸಾಧ್ಯವಿದ್ದ ಕಡೆ ಹೊರಗಿನ ಅಂಗಡಿಯಿಂದ ಔಷಧಿ ತರುತ್ತೇನೆ ಎಂದು ಲಿಖಿತವಾಗಿ ಕೇಳುವುದೊಂದೇ ಉಪಾಯ. ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಆ ಹಕ್ಕು ಇದೆ. ಮುದ್ರಿತ ಎಂಆರ್‌ಪಿಗಿಂತ ಹೆಚ್ಚು ಪಡೆದಿದ್ದರೆ ಜಿಲ್ಲೆಯ ಕಾನೂನು ಮಾಪನಶಾಸ್ತ್ರ ಇಲಾಖೆ ಮತ್ತು ಔಷಧ ನಿಯಂತ್ರಣ ಕಚೇರಿಗೂ ಪತ್ರ ಹಾಕಿ.

1915ಕ್ಕೆ ಕನ್ನಡದಲ್ಲೇ ದೂರು ಕೊಡಬಹುದು. ಅವರು ದೂರನ್ನು ಆಸ್ಪತ್ರೆಗೆ ದಾಟಿಸುತ್ತಾರೆ, ಉತ್ತರ ಬಂದರೆ ತಿಳಿಸುತ್ತಾರೆ. ಆದೇಶ ಮಾಡುವ ಅಧಿಕಾರವಿಲ್ಲ. ಹೆಸರಿಗೆ ಅಂಜುವ ದೊಡ್ಡ ಆಸ್ಪತ್ರೆ ಸರಪಳಿಗಳ ಮೇಲೆ ಉಪಯೋಗವಿದೆ, ಊರಿನ ನರ್ಸಿಂಗ್ ಹೋಂ ಮೇಲೆ ಇಲ್ಲ.

ಗ್ರಾಹಕ ಆಯೋಗ

ಹಣ ವಾಪಸ್, ಬಡ್ಡಿ, ಪರಿಹಾರ, ಖರ್ಚು ನಾಲ್ಕನ್ನೂ ಆದೇಶಿಸಬಲ್ಲದ್ದು ಇದು. ಹಣ ಪಡೆದು ಕೊಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನಡಿ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಗಳು ಮಾತ್ರ ಹೊರಗೆ. ನೀವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ಹಾಕಬಹುದು. ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆದ ಹಾವೇರಿಯವರು ಹಾವೇರಿಯಲ್ಲೇ ಹಾಕಲಿ, ಓಡಾಟ ಆಸ್ಪತ್ರೆಯದಾಗಲಿ. ಕಟ್ಟಿದ ಮೊತ್ತ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ. 5 ಲಕ್ಷದವರೆಗೆ ಶುಲ್ಕವೇ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ವಕೀಲರು ಕಡ್ಡಾಯವಲ್ಲ, ಬಿಲ್ ಮತ್ತು ಚಾರ್ಟ್‌ನ ಸರಳ ವ್ಯತ್ಯಾಸವಾದರೆ ಬೇಕೂ ಇಲ್ಲ. ಈ ಚಿಕಿತ್ಸೆಯೇ ಅನಗತ್ಯವಾಗಿತ್ತು ಎಂಬ ವಾದವಿದ್ದರೆ ಮಾತ್ರ ವೈದ್ಯರ ಅಭಿಪ್ರಾಯ, ವಕೀಲರು ಎರಡೂ ಬೇಕು. ಎರಡನ್ನೂ ಒಂದೇ ದೂರಿನಲ್ಲಿ ಕಲಸಿದರೆ ಸುಲಭದ್ದೂ ಕಷ್ಟದ್ದರ ಜತೆ ವರ್ಷಗಟ್ಟಲೆ ಎಳೆಯುತ್ತದೆ.

ಕಾಲಮಿತಿ ಎರಡು ವರ್ಷ. ಆಸ್ಪತ್ರೆಗೆ ಬರೆದ ಪತ್ರ, ಕೊಟ್ಟ ನೆನಪೋಲೆ, ಡಿಎಚ್‌ಒ ಕಚೇರಿಯ ಅಲೆದಾಟ ಯಾವುದೂ ಈ ಗಡಿಯಾರವನ್ನು ನಿಲ್ಲಿಸುವುದಿಲ್ಲ. ಒಂದೂವರೆ ವರ್ಷ ಆಗುವಷ್ಟರಲ್ಲಿ ಬೇರೆ ಕಡೆ ಫಲ ಕಾಣದಿದ್ದರೆ ಇಲ್ಲಿಗೆ ಬಂದುಬಿಡಿ. ಆಸ್ಪತ್ರೆಗೆ ಉತ್ತರಿಸಲು 30 ದಿನ, ಹೆಚ್ಚೆಂದರೆ ಇನ್ನೂ 15. ಮೂರು ತಿಂಗಳಲ್ಲಿ ಮುಗಿಯಬೇಕು ಎಂದು ಕಾಯ್ದೆ ಹೇಳುತ್ತದೆ, ಮುಗಿಯುವುದಿಲ್ಲ. ನಡುವೆ ಮಧ್ಯಸ್ಥಿಕೆಗೆ ಕಳಿಸಿದರೆ ಮೂಗು ಮುರಿಯದೆ ಹೋಗಿ. ಸಣ್ಣ ಮೊತ್ತದ ಬಿಲ್ ತಕರಾರನ್ನು ತೀರ್ಪಿನವರೆಗೆ ಎಳೆಯುವ ಉತ್ಸಾಹ ಆಸ್ಪತ್ರೆಗೂ ಇರುವುದಿಲ್ಲ.

ಆದೇಶ ಬಂದ ಮೇಲೆ ಆಸ್ಪತ್ರೆ ಮೇಲ್ಮನವಿ ಹಾಕಬೇಕಾದರೆ 45 ದಿನದೊಳಗೆ, ಆದೇಶದ ಮೊತ್ತದ ಅರ್ಧವನ್ನು ಠೇವಣಿ ಇಟ್ಟು ಹಾಕಬೇಕು. ಮೇಲ್ಮನವಿಯನ್ನೂ ಹಾಕದೆ, ಹಣವನ್ನೂ ಕೊಡದೆ ಕೂತರೆ ಅದೇ ಆಯೋಗದಲ್ಲಿ ಜಾರಿ ಅರ್ಜಿ ಹಾಕಿ. ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಅಥವಾ 25,000ಕ್ಕೆ ಕಡಿಮೆಯಿಲ್ಲದೆ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಇದೆ. ಜಾರಿ ಅರ್ಜಿಯ ನೋಟಿಸ್ ಹೋದ ಮೇಲೆ ಚೆಕ್ ಬರುವುದು ಸಾಮಾನ್ಯವಾಗಿ ತಡವಾಗುವುದಿಲ್ಲ. ಪಡೆಯುವಾಗ ಮೊತ್ತದಲ್ಲಿ ಬಡ್ಡಿ ಸೇರಿದೆಯೇ ನೋಡಿಕೊಳ್ಳಿ, ಅಸಲು ಮಾತ್ರ ಬರೆದು ಕಳಿಸುವುದೂ ಉಂಟು.